ಎಂಟುನೂರ ಅರವತ್ತಮೂರು ಬಣ್ಣಗಳು

ಉಣ್ಣೆ ನೂಲಿನ ಮೂರನೆಯ ಲಡಿಯನ್ನು ಕೋಲಿಗೆ ಸಿಕ್ಕಿಸಿ ಹಂಡೆಯೊಳಗೆ ಇಳಿಬಿಟ್ಟು, ಆವಿಗೆ ಮಬ್ಬಾದ ಕನ್ನಡಕವನ್ನು ಏಪ್ರನ್ನಿನ ಒಣ ಮೂಲೆಯಿಂದ ಒರೆಸಿಕೊಳ್ಳುವ ಹೊತ್ತಿಗೆ ಅವಳ ತಲೆಯಲ್ಲಿ ಅರ್ಧ ಕಂಪ್ಯೂಟರ್ ಪ್ರೋಗ್ರಾಂ ತಯಾರಾಗಿತ್ತು. ಉಳಿದ ನಾಲ್ಕು ಲಡಿಗಳನ್ನೂ ಮುಳುಗಿಸಿ, ಉರಿ ತಗ್ಗಿಸಿ, ಗೋಡೆಯ ಗಡಿಯಾರ ನೋಡಿಕೊಂಡಳು. ಉಣ್ಣೆ ಬಣ್ಣ ಕುಡಿಯಲು ಸರಿಯಾಗಿ ನಲವತ್ತು ನಿಮಿಷ ಬೇಕು. ಇಡೀ ದಿನದಲ್ಲಿ ಅವಳದೆಂದು ಹೇಳಿಕೊಳ್ಳಬಹುದಾದ ಹೊತ್ತು ಅದೊಂದೇ.

"ಗೊಣಗಣ್ಣಾ, ಹಂಡೆ ಮೇಲೆ ಒಂದು ಕಣ್ಣಿಟ್ಟಿರಿ."

ಹಿಂಡಿದ ನೂಲನ್ನು ತಂತಿಗೆ ಹಾಕುತ್ತಿದ್ದ ಮುದುಕ ತಿರುಗಲೂ ಇಲ್ಲ. ಇಪ್ಪತ್ತು ವರ್ಷದಿಂದ ಆ ಬಣ್ಣದ ಶೆಡ್ಡಿನಲ್ಲಿ ನೂಲು ಹಿಂಡುತ್ತ, ಗೊಣಗುತ್ತ, ಕೊನೆಗೆ ಆ ಹೆಸರನ್ನೇ ಸಂಪಾದಿಸಿಕೊಂಡವನು ಅವನು.

"ಇರೋದೇ ಎರಡು ಕಣ್ಣು. ಒಂದು ತಂತಿಗೆ, ಒಂದು ಹಂಡೆಗೆ. ನಿದ್ದೆ ಮಾಡೋಕೆ ಯಾವುದನ್ನ ಉಳಿಸ್ಕೊಳ್ಳಲಿ?"

ಶೆಡ್ಡಿನ ಮೂಲೆಯಲ್ಲಿ ಗಾಜಿನ ತಡಿಕೆ ಹಾಕಿ ಮಾಡಿದ ಪುಟ್ಟ ಕೋಣೆ ಆಫೀಸು. ಬಣ್ಣದ ಪುಡಿಯ ಡಬ್ಬಿಗಳ ಸಾಲು, ಒಂದು ತಕ್ಕಡಿ, ಒಂದು ಹಳೆಯ ಕಂಪ್ಯೂಟರು. ನೂಲಿನ ಧೂಳು ಹೋಗದಿರಲಿ ಎಂದು ಅದರ ಮೇಲೆ ಸದಾ ಒಂದು ಮೆತ್ತನೆಯ ಬಟ್ಟೆ. ಅದನ್ನು ಸರಿಸುವಾಗ ಮಲಗಿದ ಕೂಸಿನ ಹೊದಿಕೆ ತೆಗೆಯುವಷ್ಟೇ ನಾಜೂಕು ಅವಳ ಕೈಗೆ ಬರುತ್ತಿತ್ತು.

ಪ್ರೋಗ್ರಾಂ ಬರೆಯುವ ಸಿ ಭಾಷೆಯನ್ನು ಅವಳು ಕಲಿತದ್ದು ಇಪ್ಪತ್ತೊಂದರ ವಯಸ್ಸಿನಲ್ಲಿ, ಒಂದು ಸಂಜೆ ತರಗತಿಯಲ್ಲಿ. ಹನ್ನೊಂದು ಜನ, ಐದು ಯಂತ್ರ. ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿತ್ತು. ಆಮೇಲೆ ಮದುವೆ, ಬಣ್ಣದ ಶೆಡ್ಡು, ಇಬ್ಬರು ಹೆಣ್ಣುಮಕ್ಕಳ ಶಾಲೆ. ತವರಿನಿಂದ ತಂದ ಒಡವೆಗಳೆಲ್ಲ ಒಂದೊಂದು ಕಷ್ಟಕ್ಕೆ ಒಂದೊಂದಾಗಿ ಕೈಬಿಟ್ಟವು. ಇದೊಂದು ಉಳಿಯಿತು, ಯಾರೂ ಇದನ್ನು ತಕ್ಕಡಿಗೆ ಹಾಕಲಿಲ್ಲವಾದ್ದರಿಂದ.

ಆ ಭಾಷೆಯಲ್ಲಿ ಅವಳಿಗೆ ಆಗಲೂ ಈಗಲೂ ಬಹಳ ಹಿಡಿಸಿದ ಸಂಗತಿ ಒಂದಿತ್ತು. ಫೈಲು ಬೇಕಾದರೆ ಪ್ರೋಗ್ರಾಂ ಕೇಳಿಕೊಳ್ಳಬೇಕು. ಓದಲೆಂದು ತೆರೆಯುತ್ತೀಯೋ, ಬರೆಯಲೆಂದೋ, ಕೊನೆಗೆ ಸೇರಿಸಲೆಂದೋ, ಮೊದಲೇ ಹೇಳಬೇಕು; ಕೆಲಸವಾದ ಮೇಲೆ ಮುಚ್ಚಬೇಕು. ಆದರೆ ಮೂರು ದಾರಿಗಳು ಮಾತ್ರ ಕೇಳದೆಯೇ ತೆರೆದಿರುತ್ತವೆ. ಒಂದು ಒಳಗೆ ಬರುವುದಕ್ಕೆ, ಒಂದು ಹೊರಗೆ ಹೋಗುವುದಕ್ಕೆ, ಮೂರನೆಯದು ತಕರಾರಿಗೆ. ಹೊರಗೆ ಹೋಗುವುದನ್ನೆಲ್ಲ ಯಾವುದೋ ಫೈಲಿಗೆ ತಿರುಗಿಸಿಬಿಟ್ಟರೂ, ತಕರಾರು ತನ್ನ ದಾರಿ ಹಿಡಿದು ಪರದೆಯ ಮೇಲೆ ಬಂದು ನಿಲ್ಲುತ್ತದೆ. ಸಾಲು ತುಂಬಲಿ ಎಂದು ಕಾಯುವುದೂ ಇಲ್ಲ.

"ತಕರಾರಿಗೇ ಅಂತ ಒಂದು ದಾರಿ ಬಿಟ್ಟಿದ್ದಾರೆ ನೋಡಿ. ಇದನ್ನ ಮಾಡಿದವರ ಮನೇಲಿ ಯಾರೋ ಜಾಣೆ ಇದ್ದಿರಬೇಕು," ಎಂದು ಒಮ್ಮೆ ಗಂಡನಿಗೆ ಹೇಳಿದ್ದಳು.

"ನಮ್ಮನೇಲಿ ಇರೋದು ಆ ದಾರಿ ಒಂದೇ," ಎಂದು ಅವನು ನಕ್ಕಿದ್ದ.

ಅವನು ಹೇಳಿದ್ದು ಅತ್ತೆಯ ವಿಷಯ. ಅವಳ ವಿಷಯವಾಗಿದ್ದರೆ ಆ ಮಾತು ಸುಳ್ಳಾಗುತ್ತಿತ್ತು. ಅವಳಲ್ಲೊಂದು ತಕರಾರಿತ್ತು. ಒಂಬತ್ತು ವರ್ಷದ್ದು. ಅದು ಯಾವ ದಾರಿಯಲ್ಲೂ ಹೊರಗೆ ಬಂದಿರಲಿಲ್ಲ.

ಅತ್ತೆಗೆ ಈಗ ಎಪ್ಪತ್ತೆಂಟು. ಆ ಸುತ್ತಿನಲ್ಲೇ ಅವರಷ್ಟು ಬಣ್ಣ ಬಲ್ಲವರಿರಲಿಲ್ಲ. ಯಾವ ನೂಲಿನ ತುಂಡು ತಂದುಕೊಟ್ಟರೂ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹಳದಿ ಇಷ್ಟು ನೀಲಿ ಇಷ್ಟು ಎಂದು ಹೇಳಿಬಿಡುವರು. ಆದರೆ ಒಂದಕ್ಷರ ಬರೆದಿಟ್ಟವರಲ್ಲ. ಒಂಬತ್ತು ವರ್ಷದ ಹಿಂದೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ತಿಂಗಳುಗಟ್ಟಲೆ ಕೂರಬೇಕಾಗಿ ಬಂದಾಗ, ಇವಳು ಬೆನ್ನು ಬಿದ್ದು ಒಂದೊಂದೇ ಬಣ್ಣದ ಪಾಕವನ್ನು ಹೇಳಿಸಿಕೊಂಡು ಕಂಪ್ಯೂಟರಿಗೆ ಹಾಕಿದಳು. ಬಣ್ಣಕ್ಕೆ ಒಂದು ಸಾಲು. ಹೆಸರು, ಪುಡಿಗಳ ತೂಕ, ಉಪ್ಪು, ವಿನೆಗರ್, ನಿಮಿಷ. ಒಟ್ಟು ಎಂಟುನೂರ ಅರವತ್ತಮೂರು ಸಾಲು. ಅಂದಿನಿಂದ ಶೆಡ್ಡಿನ ಜೀವವೆಲ್ಲ ಆ ಒಂದು ಫೈಲಿನಲ್ಲಿತ್ತು. ಹಳೆಯ ಗಿರಾಕಿ ಬಂದು "ನಾಲ್ಕು ವರ್ಷದ ಹಿಂದೆ ಕೊಟ್ಟಿದ್ದ ಅದೇ ಹಸಿರು" ಎಂದರೆ, ಅದೇ ಹಸಿರು ಕೊಡಲು ಆಗುತ್ತಿದ್ದದ್ದು ಅದರಿಂದಲೇ.

ಆದರೆ ಮೊದಲ ವಾರದಲ್ಲೇ ಅವಳಿಗೆ ಗೊತ್ತಾಗಿತ್ತು: ಫೈಲಿನಲ್ಲಿದ್ದಂತೆ ಅದ್ದಿದರೆ ಬಣ್ಣ ಒಂದು ಕೂದಲೆಳೆ ಮಂಕು. ಎರಡು ತಿಂಗಳು ಹಂಡೆಯ ಮುಂದೆ ತಲೆ ಕೆಡಿಸಿಕೊಂಡು ಕಂಡುಹಿಡಿದಳು. ಅತ್ತೆ ಪ್ರತಿಯೊಂದರಲ್ಲೂ ವಿನೆಗರನ್ನು ಅರ್ಧದಷ್ಟೇ ಹೇಳಿದ್ದರು. ಎಂಟುನೂರ ಅರವತ್ತಮೂರು ಸಲ, ಮುಖದ ಒಂದು ನರವೂ ಅಲುಗದೆ. ಅವಳು ಫೈಲನ್ನು ತಿದ್ದಲಿಲ್ಲ. ಪ್ರತಿ ಭಾನುವಾರ ಅದರಿಂದ ಒಂದಷ್ಟು ಸಾಲು ಓದಿಸಿಕೊಂಡು ಕೇಳುವುದು ಅತ್ತೆಯ ರೂಢಿ; ತಿದ್ದಿದರೆ ಸಿಕ್ಕಿಬೀಳುವುದು ಯಾರು, ತಾನೋ ಅವರೋ, ಗೊತ್ತಿರಲಿಲ್ಲ. ಹಂಡೆಯ ಮುಂದೆ ನಿಂತು, ಆಚೀಚೆ ನೋಡಿ, ಎರಡನೆಯ ಲೋಟ ವಿನೆಗರ್ ಸುರಿಯುತ್ತಿದ್ದಳು. ಪ್ರತಿ ಸಲ ಸುರಿಯುವಾಗಲೂ, ಹೊರಗಿನವಳು ನೀನು, ಎಂದು ಯಾರೋ ಕಿವಿಯಲ್ಲಿ ಹೇಳಿದಂತಾಗುತ್ತಿತ್ತು.

ಆ ದಿನ ಅವಳು ಬರೆಯಹೊರಟಿದ್ದು, ಗಿರಾಕಿ ಕೇಳಿದ ಬಣ್ಣಕ್ಕೆ ಹತ್ತಿರದ ಬಣ್ಣ ಯಾವುದೆಂದು ಹುಡುಕುವ ಪ್ರೋಗ್ರಾಂ. ಮೊದಲ ಹೆಜ್ಜೆಗೆ ಫೈಲಿನ ಸಾಲುಗಳನ್ನು ಎಣಿಸಿ ಹೇಳಿದರೆ ಸಾಕಿತ್ತು. ಫೈಲು ತೆರೆಯುವ ಸಾಲನ್ನು ಹೊಸದಾಗಿ ಬರೆಯಲು ಸೋಮಾರಿತನ. ಮೊನ್ನೆ ಲಡಿಗಳಿಗೆ ಅಂಟಿಸುವ ಚೀಟಿಗೆಂದು ಬರೆದ ಪ್ರೋಗ್ರಾಮಿನಿಂದ ಆ ಸಾಲನ್ನು ಎತ್ತಿ ತಂದು, ಫೈಲಿನ ಹೆಸರು ಮಾತ್ರ ಬದಲಿಸಿದಳು. ಫೈಲು ತೆರೆಯದಿದ್ದರೆ ತಕರಾರಿನ ದಾರಿಯಲ್ಲಿ ಹೇಳು ಎಂದು ಎರಡು ಸಾಲು ಸೇರಿಸಿದಳು. ಆ ಶಿಸ್ತು ಅವಳಿಗಿತ್ತು. ಓಡಿಸಿದಳು.

ಒಟ್ಟು ಬಣ್ಣ: 0.

ಎಣಿಸುವ ಕಡೆ ಎಲ್ಲೋ ಎಡವಿದ್ದೇನೆ ಎಂದುಕೊಂಡು ಮೇಲಿಂದ ಕೆಳಗೆ ಓದಿದಳು. ಎಲ್ಲ ಸರಿಯಿತ್ತು. ಇನ್ನೊಮ್ಮೆ ಓಡಿಸಿದಳು. ಸೊನ್ನೆ. ಆಗ ಚೀಟಿಯ ಪ್ರೋಗ್ರಾಮಿನಿಂದ ತಂದ ಆ ಸಾಲಿನ ಮೇಲೆ ಕಣ್ಣು ನಿಂತಿತು.

ಚೀಟಿಯ ಪ್ರೋಗ್ರಾಂ ಪ್ರತಿ ಸಲ ಹೊಸ ಚೀಟಿ ಬರೆಯಬೇಕಾದದ್ದು. ಅದು ಫೈಲನ್ನು ತೆರೆಯುತ್ತಿದ್ದದ್ದು ಓದಲೆಂದಲ್ಲ, ಬರೆಯಲೆಂದು. ಬರೆಯಲೆಂದು ತೆರೆದರೆ ಸಿ ಕಾಯುವುದಿಲ್ಲ. ಒಂದಕ್ಷರ ಬರೆಯುವ ಮೊದಲೇ, ತೆರೆದ ಕ್ಷಣದಲ್ಲೇ, ಹಳೆಯದನ್ನೆಲ್ಲ ಸ್ಲೇಟು ಒರೆಸಿದಂತೆ ಒರೆಸಿ ಕೈಗೆ ಕೊಡುತ್ತದೆ. ಸಂಜೆ ತರಗತಿಯ ಮೇಷ್ಟ್ರು ಇದನ್ನು ಹಲಗೆಯ ಮೇಲೆ ಬರೆದು ಎರಡು ಗೆರೆ ಎಳೆದಿದ್ದರು. ತಕರಾರಿನ ದಾರಿಯಲ್ಲಿ ಒಂದು ಮಾತೂ ಬಂದಿರಲಿಲ್ಲ. ಯಾಕೆ ಬರಬೇಕು? ಫೈಲು ತೆರೆಯಲಿಲ್ಲವೆಂದರೆ ತಾನೇ ತಕರಾರು? ಬಲು ಚೆನ್ನಾಗಿಯೇ ತೆರೆದಿತ್ತು. ಯಂತ್ರದ ಮಟ್ಟಿಗೆ ಎಲ್ಲ ಸುಸೂತ್ರ.

ಪ್ರತಿ ಇಟ್ಟಿದ್ದಳೇ? ಇಟ್ಟಿದ್ದಳು, ಅದೇ ಯಂತ್ರದಲ್ಲಿ. ಹೋದ ತಿಂಗಳು ಬೇಡದ್ದನ್ನೆಲ್ಲ ಗುಡಿಸಿ ಹಾಕುವ ಹುರುಪಿನಲ್ಲಿ, ಒಂದೇ ಥರದ್ದು ಎರಡೇಕೆ ಎಂದು ಅಳಿಸಿದ್ದಳು.

ಕೈಗೆ ಬಂದ ಬುದ್ಧಿ ಒಂದೇ: ಮೇಜಿನ ಕೆಳಗೆ ಬಗ್ಗಿ ಕಂಪ್ಯೂಟರಿನ ಪ್ಲಗ್ಗು ಕಿತ್ತಳು. ಅಲ್ಲೇ ಬಗ್ಗಿಕೊಂಡು ಎಷ್ಟು ಹೊತ್ತಿದ್ದಳೋ, ಹೊರಗಿನಿಂದ ಗೊಣಗಣ್ಣನ ದನಿ ಬಂತು.

"ನಲವತ್ತಾಗಿ ಅರವತ್ತಾಯ್ತು ತಾಯಿ! ಪಾಚಿ ಹಸಿರು ಹೋಗಿ ಕಗ್ಗಾಡಾಯ್ತು!"

"ನೀವು ಕಣ್ಣಿಟ್ಟಿದ್ದಿರಲ್ಲ?"

"ಕಣ್ಣಿಟ್ಟಿದ್ದೆ. ಉರಿ ಆರಿಸು ಅಂತ ಯಾರೂ ಹೇಳಿರಲಿಲ್ವಲ್ಲ."

ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ರಿಪೇರಿ ಅಂಗಡಿಗೆ ಹೋದಳು. ರಿಪೇರಿಯವ ಕತ್ತಿನಲ್ಲಿ ದೀಪ ನೇತುಹಾಕಿಕೊಂಡು ಯಾವುದೋ ಫೋನಿನ ಹೊಟ್ಟೆ ಬಗೆಯುತ್ತಿದ್ದ.

"ಏನಾಯ್ತಮ್ಮ, ವೈರಸ್ಸಾ?"

"ಇಲ್ಲಪ್ಪ. ನಾನು."

ಅವನು ಎಲ್ಲ ಕೇಳಿಸಿಕೊಂಡು ತಲೆ ಕೆರೆದುಕೊಂಡ. "ತಕ್ಷಣ ಆಫ್ ಮಾಡಿದ್ದು ಒಳ್ಳೇದಾಯ್ತು. ಮೇಲೆ ಬೇರೆ ಏನೂ ಬರೆದಿಲ್ದಿದ್ರೆ ಅಡಿಯಲ್ಲಿ ಇನ್ನೂ ಇರಬಹುದು. ಆದ್ರೆ ಆಸೆ ಇಟ್ಕೋಬೇಡಿ. ಎರಡು ಮೂರು ವಾರ ಬೇಕು." ಅಲ್ಲಿಯವರೆಗೆ ಇರಲಿ ಎಂದು ಮೂಲೆ ಒಡೆದ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟ.

ಗಂಡನಿಗೆ ಹೇಳಿದಾಗ ಅವನು ನೂಲಿನ ಮೂಟೆಯ ಮೇಲೇ ಕುಳಿತುಬಿಟ್ಟ.

"ಅಮ್ಮನಿಗೆ ನೀನೇ ಹೇಳು. ನಾನು ಬಾಗಿಲ ಹತ್ರ ನಿಂತಿರ್ತೀನಿ."

"ನನಗೆ ಧೈರ್ಯಕ್ಕಾ?"

"ಅಲ್ಲ, ನಾನು ಓಡೋಕೆ."

ಶೆಡ್ಡಿಗೆ ಹೊಂದಿಕೊಂಡ ಮನೆಯಲ್ಲಿ ಅತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು ನೂಲಿನ ಉಂಡೆ ಸುತ್ತುತ್ತಿದ್ದರು. ಅವಳು ಎದುರಿಗೆ ನಿಂತು, ಅಡ್ಡಗೋಡೆಯ ಮೇಲೆ ದೀಪ ಇಡದೆ, ಇದ್ದದ್ದನ್ನು ಇದ್ದಂತೆ ಹೇಳಿದಳು.

"ಎಲ್ಲಾನೂ?" ಎಂದರು ಅತ್ತೆ.

"ಎಲ್ಲಾನೂ ಅತ್ತೆ."

"ಒಂದೂ ಉಳೀಲಿಲ್ವಾ?"

"ಒಂದೂ ಇಲ್ಲ."

ಉಂಡೆ ಮೂರು ಸುತ್ತು ತಿರುಗಿತು.

"ಸದ್ಯ," ಎಂದರು ಅತ್ತೆ.

"ಏನಂದ್ರಿ?"

"ಟೀ ಆಯ್ತಾ ಅಂದೆ."

ಬಾಗಿಲ ಬಳಿ ನಿಂತಿದ್ದ ಗಂಡ ಓಡುವುದೋ ನಿಲ್ಲುವುದೋ ತಿಳಿಯದೆ ಟೀ ಮಾಡಲು ಹೋದ.

ಮರುದಿನ ಊಟವಾದ ಮೇಲೆ ಅತ್ತೆಯೇ ಕೂಗಿದರು. "ಏ ಹುಡುಗಿ, ನಿನ್ನ ಪೆಟ್ಟಿಗೆ ತಗೊಂಡು ಬಾ. ನಾನಿರೋವಾಗಲೇ ಆಗ್ಲಿ." ಐವತ್ತೊಂದು ದಾಟಿದ ಹುಡುಗಿ ಲ್ಯಾಪ್‌ಟಾಪ್ ಹೊತ್ತು ಬಂದಳು. ಬೆಳಗ್ಗೆಯ ನಲವತ್ತು ನಿಮಿಷದಲ್ಲಿ ಹೊಸ ಪ್ರೋಗ್ರಾಂ ಬರೆದಿದ್ದಳು. ಈ ಸಲ ಫೈಲು ತೆರೆಯುವುದು ಕೊನೆಗೆ ಸೇರಿಸಲೆಂದು ಮಾತ್ರ. ಆ ಸಾಲನ್ನು ಏಳು ಸಲ ಓದಿದ್ದಳು. ಪ್ರೋಗ್ರಾಂ ಒಂದೊಂದೇ ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ಪರದೆಗೆ ತರುತ್ತಿತ್ತು, ಉತ್ತರ ನೇರ ಫೈಲಿನ ಬಾಲಕ್ಕೆ ಹೋಗುತ್ತಿತ್ತು. ಪ್ರತಿ ಸಂಜೆ ಒಂದು ಪ್ರತಿ ಪೆನ್‌ಡ್ರೈವಿಗೆ, ಇನ್ನೊಂದು ಮಗಳ ಮನೆಗೆ.

"ಪಾಚಿ ಹಸಿರು," ಎಂದು ಅತ್ತೆ ಶುರು ಮಾಡಿದರು. "ಹಳದಿ ಹನ್ನೆರಡು ಗ್ರಾಂ. ನೀಲಿ ಐದು. ಕಂದು ಚಿಟಿಕೆ, ಅರ್ಧ ಗ್ರಾಂ ಅಂತ ಹಾಕು. ಉಪ್ಪು ಒಂದು ಹಿಡಿ."

ಪರದೆಯ ಮೇಲೆ ಮುಂದಿನ ಪ್ರಶ್ನೆ ಬಂತು. ವಿನೆಗರ್?

"ಎರಡು ಲೋಟ," ಎಂದರು ಅತ್ತೆ.

ಅವಳ ಬೆರಳು ನಿಂತಿತು. ಕಿಟಕಿಯ ಹೊರಗೆ ಯಾರೋ ಸೈಕಲ್ಲಿನ ಚೈನು ಹಾಕಲು ಹೆಣಗುತ್ತಿದ್ದ ಸದ್ದು.

"ಬರ್ಕೋ. ಯಾಕೆ ನಿಲ್ಲಿಸಿದೆ?"

"ಹೋದ ಸಲ ಒಂದು ಲೋಟ ಅಂದಿದ್ರಿ."

"ಹೋದ ಸಲ ಸುಳ್ಳು ಹೇಳಿದ್ದೆ."

ಅಷ್ಟು ಸಲೀಸಾಗಿ ಬಂತು ಮಾತು. ಒಂಬತ್ತು ವರ್ಷ ಅವಳು ಹಂಡೆಯ ಮುಂದೆ ನುಂಗಿದ್ದ ಮಾತು.

"ಯಾಕತ್ತೆ?"

"ಹೊಸ ಸೊಸೆ ನೀನು."

"ಮದುವೆಯಾಗಿ ಹದಿನೇಳು ವರ್ಷ ಆಗಿತ್ತು!"

"ನನಗೆ ಹೊಸದೇ." ಅತ್ತೆ ಉಂಡೆ ಕೆಳಗಿಟ್ಟರು. "ನನಗೆ ಕಲಿಸಿದ ಹೆಂಗಸೂ ಹಾಗೇ ಕಲಿಸಿದ್ದು ಕಣೇ. ಒಂದು ಚೂರು ಮುಚ್ಚಿಟ್ಟು ಹೇಳೋದು. ಅದನ್ನ ತಾನೇ ಕಂಡ್ಕೊಂಡವಳಿಗೆ ಮಾತ್ರ ಬಣ್ಣ ದಕ್ಕುತ್ತೆ ಅಂತ. ನಾನು ಕಂಡ್ಕೊಳ್ಳೋಕೆ ಒಂದೂವರೆ ವರ್ಷ ತಗೊಂಡೆ. ನೀನು ಎರಡು ತಿಂಗಳು."

"ನಿಮಗೆ ಗೊತ್ತಿತ್ತಾ?"

"ವಿನೆಗರ್ ಕ್ಯಾನು ಎರಡು ಪಟ್ಟು ಖಾಲಿಯಾಗ್ತಿತ್ತು. ನೀನೇನು ಕುಡೀತಿದ್ಯಾ?"

ಅವಳಿಗೆ ನಗು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಈ ಸಲ ನುಂಗಲಿಲ್ಲ.

"ಗೊತ್ತಾದ ಮೇಲಾದ್ರೂ ಒಂದು ಮಾತು ಹೇಳಬಹುದಿತ್ತು. ಒಂಬತ್ತು ವರ್ಷ ಕಳ್ಳಿ ಥರ ಆಚೀಚೆ ನೋಡಿ ಸುರಿದಿದ್ದೀನಿ. ನನ್ನನ್ನ ಈ ಮನೆಯವಳು ಅಂತ ನೀವು ಎಣಿಸೇ ಇಲ್ಲ ಅಂದ್ಕೊಂಡಿದ್ದೆ."

ಅತ್ತೆ ಉಂಡೆಯನ್ನು ಮತ್ತೆ ಕೈಗೆತ್ತಿಕೊಂಡರು.

"ಹೇಗೆ ಹೇಳ್ಲಿ? ಎಂಟುನೂರು ಸುಳ್ಳು ಹೇಳಿದವಳು ಯಾವ ಬಾಯಲ್ಲಿ ಹೇಳ್ಬೇಕು? ಭಾನುವಾರ ಭಾನುವಾರ ನೀನು ಓದುವಾಗ ನನ್ನ ಸುಳ್ಳೇ ನನ್ನ ಕಿವಿಗೆ ಬೀಳ್ತಿತ್ತು. ಇವತ್ತಾದ್ರೂ ತಿದ್ದಿ ಓದ್ತಾಳೆ, ಆಗ ಬೈದ ಹಾಗೆ ಮಾಡಿ ಒಪ್ಕೊಂಡುಬಿಡೋಣ ಅಂತ ಕಾಯ್ತಿದ್ದೆ. ನೀನು ನೋಡಿದ್ರೆ ಒಂದಕ್ಷರ ತಿದ್ದದೆ ಗಿಳಿ ಥರ ಓದ್ತಿದ್ದೆ. ಅದಕ್ಕೇ ನಿನ್ನೆ ಹೋಯ್ತು ಅಂದಾಗ..."

"ಸದ್ಯ ಅಂದ್ರಿ."

"ಟೀ ಆಯ್ತಾ ಅಂದೆ," ಎಂದರು ಅತ್ತೆ, ಗಂಭೀರವಾಗಿ. "ಬರ್ಕೋ. ಎರಡು ಲೋಟ. ಆ ಪೆಟ್ಟಿಗೆ ಕಣ್ಣು ಮಿಟುಕಿಸ್ತಾ ಕಾಯ್ತಿದೆ ಪಾಪ."

ದಿನಕ್ಕೆ ಹತ್ತು, ಕೆಲವೊಮ್ಮೆ ಹದಿನೈದು ಬಣ್ಣ ಆಗುತ್ತಿದ್ದವು. ಒಂದೊಂದಕ್ಕೂ ಒಂದು ಕಥೆ. ಗಿಳಿ ಹಸಿರನ್ನು ಮೊದಲು ಅದ್ದಿದ ದಿನ ಅತ್ತೆ ಏಳು ತಿಂಗಳ ಗರ್ಭಿಣಿ. ಹಂಡೆಯ ವಾಸನೆಗೆ ವಾಂತಿಯಾಗಿ ಕೂತಿದ್ದಾಗ ಮಾವ ಬಂದು "ಬಣ್ಣ ಸರಿಯಾಗಿ ಬಂತಾ" ಎಂದು ಕೇಳಿದ್ದರು. ಆ ಸಿಟ್ಟಿಗೆ ಎರಡು ಗ್ರಾಂ ಹಳದಿ ಹೆಚ್ಚು ಬಿದ್ದು ಅಷ್ಟು ಚೆಂದ ಬಂತಂತೆ. "ಅದನ್ನೂ ಹಾಕ್ತೀಯಾ ಅದರೊಳಗೆ?" "ಸಿಟ್ಟು ಎಷ್ಟು ಗ್ರಾಂ ಅಂತ ಹೇಳಿದ್ರೆ ಹಾಕ್ತೀನಿ." ಇಬ್ಬರೂ ನಕ್ಕ ಸದ್ದಿಗೆ ಗೊಣಗಣ್ಣ ಹೊರಗಿನಿಂದ ಇಣುಕಿ, ಈ ಶೆಡ್ಡಿನಲ್ಲಿ ಕೆಲಸ ಮಾಡುವವನು ತಾನೊಬ್ಬನೇ ಎಂದು ಗೋಡೆಗೆ ತಿಳಿಸಿ ಹೋದ.

ನೂರ ಎಪ್ಪತ್ತರ ಸುಮಾರಿಗೆ ಬೂದು ಬಣ್ಣಗಳು ಬಂದವು. ಅತ್ತೆ ಬಾಯಿ ತೆರೆದವರು ಮುಚ್ಚಿದರು.

"ಇವನ್ನ ನೀನೇ ಹೇಳು."

"ನಾನಾ? ನಿಮ್ಮ ಬಣ್ಣ ಅಲ್ವಾ ಅತ್ತೆ?"

"ಬೂದು ನನಗೆ ಯಾವತ್ತೂ ಒಲಿದಿಲ್ಲ, ಕೊಳೆ ಬಟ್ಟೆ ಥರ ಬರೋದು. ಈ ಐದಾರು ವರ್ಷದಿಂದ ಶೆಡ್ಡಿನಿಂದ ಹೋಗ್ತಿರೋ ಬೂದು ನಿನ್ನದು. ಹೇಳು, ನಾನು ಕೇಳಿಸ್ಕೋತೀನಿ. ಪೂರ್ತಿ ಹೇಳ್ಬೇಕು ಮತ್ತೆ!"

ಅವಳು ಹೇಳಿದಳು. ಪೂರ್ತಿ. ಹೇಳುತ್ತ ತಾನೇ ಒತ್ತುತ್ತಿದ್ದಳು, ಬೆರಳು ಯಾಕೋ ಎರಡೆರಡು ಸಲ ತಪ್ಪುತ್ತಿತ್ತು. ಹನ್ನೊಂದು ಬೂದು, ಒಂದರ ಕೆಳಗೊಂದು, ಅತ್ತೆಯ ಹಸಿರುಗಳ ಬಾಲಕ್ಕೆ ಹೋಗಿ ಕೂತವು.

ಮೂರನೆಯ ವಾರದ ಒಂದು ಮಧ್ಯಾಹ್ನ ಇಟ್ಟಿಗೆ ಕೆಂಪಿನ ಮಧ್ಯದಲ್ಲಿದ್ದಾಗ ಫೋನು ಬಂತು. ರಿಪೇರಿಯವ.

"ಅಮ್ಮಾ, ಬನ್ನಿ ಒಂದು ಸಲ."

ಅಂಗಡಿಯಲ್ಲಿ ಅವನು ಮದುಮಗನ ಹಾಗೆ ಬೀಗುತ್ತ ನಿಂತಿದ್ದ. ಪರದೆಯನ್ನು ಅವಳ ಕಡೆ ತಿರುಗಿಸಿದ. "ಎಣಿಸ್ಕೊಳ್ಳಿ ಬೇಕಾದ್ರೆ. ಎಂಟುನೂರ ಅರವತ್ತಮೂರು. ಒಂದು ಸಾಲೂ ಹೋಗಿಲ್ಲ."

ಹೌದು, ಅವೇ. ಒಂದರ ಕೆಳಗೊಂದು, ಅವಳೇ ಒತ್ತಿದ ಅಕ್ಷರಗಳು. ಪಾಚಿ ಹಸಿರು, ವಿನೆಗರ್ ಒಂದು ಲೋಟ. ಗಿಳಿ ಹಸಿರು, ಒಂದು ಲೋಟ. ಮೂರು ವಾರದ ಹಿಂದೆ ಈ ಪರದೆಯನ್ನು ಕಂಡಿದ್ದರೆ ಅವನ ಕಾಲಿಗೆ ಬೀಳುತ್ತಿದ್ದಳೇನೋ. ಈಗ ಕಣ್ಣು ಸಾಲಿನಿಂದ ಸಾಲಿಗೆ ಇಳಿಯುತ್ತಿದ್ದಂತೆ, ಭಾನುವಾರಗಳಲ್ಲಿ ಎದುರಿಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದ ಒಂದು ಮುಖ ಕಣ್ಣಮುಂದೆ ಬಂತು. ಆ ಮುಖದಲ್ಲಿದ್ದದ್ದು ತೃಪ್ತಿ ಎಂದು ಇಷ್ಟು ದಿನ ತಿಳಿದಿದ್ದಳು.

"ಏನಮ್ಮ, ಖುಷಿಯಾಗ್ಲಿಲ್ವಾ?"

"ಆಯ್ತಪ್ಪ. ಬಹಳ ಕಷ್ಟಪಟ್ಟಿದ್ದೀಯ."

"ಅದೇ ಜಾಗಕ್ಕೆ ವಾಪಸ್ ಹಾಕಿಕೊಡ್ಲಾ? ಮನೆಗೆ ಹೋಗಿ ಆನ್ ಮಾಡಿದ್ರೆ ಮೊದಲಿನ ಥರಾನೇ ಇರುತ್ತೆ."

ಮೊದಲಿನ ಥರ. ಫೈಲು ಸಿಕ್ಕಿತೆಂದು ಗೊತ್ತಾದರೆ ಅತ್ತೆ ಏನು ಮಾಡುತ್ತಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಹಾಗಾದ್ರೆ ಇನ್ನು ಯಾಕೆ ಈ ರಾಮಾಯಣ, ಅದರಲ್ಲೇ ಎರಡರಿಂದ ಗುಣಿಸ್ಕೋ" ಎಂದು ಎದ್ದುಬಿಡುತ್ತಾರೆ. ಬಿಂಕದ ಹೆಂಗಸು, ಅಗತ್ಯವಿಲ್ಲದ ಕಡೆ ಒಂದು ನಿಮಿಷ ಕೂರುವವರಲ್ಲ. ಗುಣಿಸುವುದೇನು, ಸಿ ಯಲ್ಲಿ ನಾಲ್ಕು ಸಾಲಿನ ಕೆಲಸ. ಲೆಕ್ಕ ಸರಿಯಾಗುತ್ತದೆ. ಆದರೆ ಹಳದಿಯ ಮೇಲೆ ಬಿದ್ದ ಸಿಟ್ಟು, ಇನ್ನೂ ಹೇಳದೆ ಉಳಿದ ಆರುನೂರ ಚಿಲ್ಲರೆ ಬಣ್ಣಗಳ ಮಾತು, ಸುಳ್ಳನ್ನು ಒಂದೊಂದಾಗಿ ತನ್ನ ಬಾಯಿಂದಲೇ ವಾಪಸು ತೆಗೆದುಕೊಳ್ಳುತ್ತಿರುವ ಆ ಮುದುಕಿಯ ನೆಮ್ಮದಿ, ಇವನ್ನು ಯಾವುದರಿಂದ ಗುಣಿಸುವುದು?

"ಆ ಜಾಗಕ್ಕೆ ಬೇಡ," ಎಂದಳು. "ಪೆನ್‌ಡ್ರೈವಿಗೆ ಹಾಕಿಕೊಡು."

"ಯಂತ್ರದಲ್ಲಿ?"

"ಯಂತ್ರ ಖಾಲಿ ಇರಲಿ."

ಅವನಿಗೆ ಅರ್ಥವಾಗಲಿಲ್ಲ, ಗಿರಾಕಿಗಳ ವಿಚಿತ್ರಗಳಿಗೆ ಒಗ್ಗಿದವನಾದ್ದರಿಂದ ಕೇಳಲೂ ಇಲ್ಲ.

ಬಸ್ಸಿಗೆ ಕಾಯದೆ ನಡೆದೇ ಬಂದಳು. ಪೆನ್‌ಡ್ರೈವು ಮುಷ್ಟಿಯೊಳಗೆ ಬೆಚ್ಚಗಾಗಿತ್ತು. ದಾರಿಯಲ್ಲಿ ಒಂದು ಚರಂಡಿ ದಾಟುವಾಗ ಎಸೆದುಬಿಡಲೇ ಅನ್ನಿಸಿತು, ನಕ್ಕಳು. ಒಮ್ಮೆ ಎಲ್ಲ ಕಳೆದುಕೊಂಡವಳು ಮತ್ತೆ ಅಳಿಸುವ ಮೂರ್ಖತನ ಮಾಡುತ್ತಾಳೆಯೇ? ಇರಲಿ ಅದು, ಯಾವುದಾದರೂ ಡಬ್ಬಿಯ ತಳದಲ್ಲಿ.

ಗಂಡ ಶೆಡ್ಡಿನ ಬಾಗಿಲಲ್ಲೇ ಸಿಕ್ಕಿದ. "ಏನಂತೆ ರಿಪೇರಿಯವ?"

"ಯಂತ್ರ ಸರಿ ಆಗಿದೆಯಂತೆ. ನಾಳೆ ಹೋಗಿ ತನ್ನಿ."

"ಫೈಲು?"

ಅಷ್ಟರಲ್ಲಿ ಒಳಗಿನಿಂದ ಕೂಗು ಬಂತು. "ಎಲ್ಲಿ ಹಾಳಾಗಿ ಹೋದ್ಯೇ? ಇಟ್ಟಿಗೆ ಕೆಂಪು ಹಂಡೇಲೇ ನಿಂತಿದೆ! ನನಗೆ ಮರೆತುಹೋದ್ರೆ ಯಾರು ಜವಾಬ್ದಾರಿ?"

"ಬಂದೆ ಅತ್ತೆ!" ಎಂದು ಅವಳು ಗಂಡನನ್ನು ದಾಟಿ ನಡೆದಳು. ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ, ಪರದೆಯನ್ನು ಅತ್ತೆಗೂ ಕಾಣುವ ಹಾಗೆ ಓರೆ ಮಾಡಿದಳು. ಉಳಿದದ್ದು ಆರುನೂರ ನಲವತ್ತೊಂಬತ್ತು. ಅಷ್ಟನ್ನೂ ಕೇಳುತ್ತೇನೆ, ಒಂದನ್ನೂ ಬಿಡದೆ, ಎಷ್ಟು ದಿನವಾದರೂ ಆಗಲಿ, ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು.

"ಎಲ್ಲಿಗೆ ನಿಲ್ಲಿಸಿದ್ವಿ?" ಎಂದರು ಅತ್ತೆ.

"ವಿನೆಗರಿಗೆ," ಎಂದಳು ಅವಳು.